ಮದುವೆ ಫೋಟೋದಲ್ಲಿ ನಗುತ್ತಿದ್ದವಳು ಮೂರನೇ ದಿನ ಹೇಗಿದ್ದಳು?

ಪ್ರಶ್ನೆ: ಮಗಳಿಗೆ 26 ವರ್ಷ. ವೈರಲ್ ಜ್ವರ ಬಂದು ಹೋದ ಮೇಲೆ ಎರಡು ವರ್ಷದಿಂದ ಸುಸ್ತು ಬಿಟ್ಟಿಲ್ಲ. ಡಾಕ್ಟರು ಎಂಇ/ಸಿಎಫ್‌ಎಸ್ (ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್/ಕ್ರಾನಿಕ್ ಫಟೀಗ್ ಸಿಂಡ್ರೋಮ್) ಎಂದಿದ್ದಾರೆ. ಟಿವಿಯಲ್ಲಿ ‘ಇದೆಲ್ಲ ಸ್ಟ್ರೆಸ್, ದಿನಾ ವಾಕಿಂಗ್ ಮಾಡಿ’ ಎಂದರು. ತಂಗಿಯ ಮದುವೆಯಲ್ಲಿ ಅವಳು ನಗುತ್ತಾ ನಿಂತ ಫೋಟೋ ನೋಡಿದ ನೆಂಟರು ‘ನಾಟಕ’ ಅನ್ನುತ್ತಾರೆ. ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಮದುವೆಯಾದ ಮೂರನೇ ದಿನ ಮಗಳು ಹೇಗಿದ್ದಳು ಎಂಬುದನ್ನು ನೆಂಟರಿಗೆ ಹೇಳಿ. ಈ ಕಾಯಿಲೆಯಲ್ಲಿ ಶ್ರಮದ ಪೆಟ್ಟು ತಡವಾಗಿ, ಸಾಮಾನ್ಯವಾಗಿ 12ರಿಂದ 48 ಗಂಟೆ ಬಿಟ್ಟು ಬೀಳುತ್ತದೆ. ಬಿದ್ದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಏಳಲು ಬಿಡದು. ಧಾರೆ ಹೊತ್ತಿಗೆ ರೇಷ್ಮೆ ಸೀರೆಯುಟ್ಟು ನಿಂತವರು, ಬೀಗರೂಟ ಮುಗಿದು ಎಲ್ಲರೂ ಬಸ್ಸು ಹತ್ತಿದ ಮೇಲೆ ಕತ್ತಲು ಕೋಣೆಯಲ್ಲಿ ಮಲಗಿರುತ್ತಾರೆ. ಮಿಕ್ಸಿ ಸದ್ದು ತಡೆಯಲಾಗದು, ತಲೆ ಬಾಚಲು ಕೈ ಮೇಲೇಳದು. ಅದನ್ನು ನೋಡುವವರು ಮನೆಯವರು ಮಾತ್ರ.

‘ನಾಟಕ’ ಎಂಬ ಮಾತು ನಿಮ್ಮ ನೆಂಟರೇ ಹುಟ್ಟಿಸಿದ್ದಲ್ಲ ಬಿಡಿ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಮಂದಿ ಈ ಬಗೆಯ ಕಾಯಿಲೆಯಿಂದ ಮಲಗಿದರು, ಬಹುತೇಕ ಅಲ್ಲಿನ ಸಿಬ್ಬಂದಿಯೇ. ಹದಿನೈದು ವರ್ಷದ ಮೇಲೆ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನಷ್ಟೇ ಓದಿ, ರೋಗಿಗಳನ್ನು ಪರೀಕ್ಷಿಸದೆ, ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಹೆಂಗಸರೇ ಹೆಚ್ಚಿದ್ದುದು ಅವರ ಕಾರಣಗಳಲ್ಲೊಂದು! ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಪತ್ರಿಕೆಗಳಿಗೆ ರುಚಿಸಿದ್ದು ಹಿಸ್ಟೀರಿಯಾ. 1988ರಲ್ಲಿ ಅಮೆರಿಕದಲ್ಲಿ ‘ಕ್ರಾನಿಕ್ ಫಟೀಗ್’, ಅಂದರೆ ದೀರ್ಘಕಾಲದ ಸುಸ್ತು, ಎಂಬ ಹೆಸರು ಬಿತ್ತು. ಸುಸ್ತು ಯಾರಿಗಿಲ್ಲ? ಆ ಹೆಸರೇ ಅರ್ಧ ಅಪಮಾನ.

ವಾಕಿಂಗ್ ಸಲಹೆಗೂ ಮೂಲವಿದೆ. 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ‘ಪೇಸ್’ ಎಂಬ ಬ್ರಿಟಿಷ್ ಪ್ರಯೋಗ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ ಗುಣ ಕಾಣುತ್ತದೆ ಎಂದಿತು. ಆದರೆ ಅದಕ್ಕೆ ಸೇರಲು ದೈಹಿಕ ಸಾಮರ್ಥ್ಯದ ಅಂಕ 100ಕ್ಕೆ 65 ಅಥವಾ ಕಡಿಮೆ ಇರಬೇಕಿತ್ತು, ‘ನಾರ್ಮಲ್’ ಎನ್ನಲು 60 ಸಾಕಿತ್ತು! ಅಂದರೆ ಸೇರಿದಾಗಿನಿಂದ ಇನ್ನಷ್ಟು ಕುಸಿದವರೂ ಆ ಅಂಕದಲ್ಲಿ ನಾರ್ಮಲ್. ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಆ ವ್ಯಾಯಾಮ ಚಿಕಿತ್ಸೆ ಕೊಡಬಾರದು ಎಂದಿತು. ಟಿವಿಯವರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಈಗ ಮಾಡಬೇಕಾದ್ದು. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ಸಂಗ್ರಹ), ಬಿ12, ಟಿಎಸ್‌ಎಚ್ (ಥೈರಾಯ್ಡ್), ಸಕ್ಕರೆ, ಇಎಸ್‌ಆರ್ (ಉರಿಯೂತದ ಸುಳಿವು) ನೋಡಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದಕ್ಕೆ ಮದ್ದಿದೆ. ಆಮೇಲೆ ಎರಡು ವಾರ ಡೈರಿ ಬರೆಯಿರಿ: ಏನು ಮಾಡಿದಳು, ಎಷ್ಟು ನಿಮಿಷ, ಮರುದಿನ ಹೇಗೆ, ಮೂರನೇ ದಿನ ಹೇಗೆ. ಸ್ನಾನ, ಫೋನಿನ ಮಾತು, ಓದು, ಎಲ್ಲವೂ ಲೆಕ್ಕಕ್ಕೆ. ಬಿದ್ದ ದಿನದಿಂದ ಎರಡು ದಿನ ಹಿಂದಕ್ಕೆ ನೋಡಿದರೆ ಮಿತಿ ಎಲ್ಲಿ ಮೀರಿತೆಂದು ಸಿಗುತ್ತದೆ. ಅದಕ್ಕಿಂತ ಕೆಳಗೇ ನಿಲ್ಲಿಸಬೇಕು. ಎಲ್ಲರೂ ಎಡವುವುದು ಚೆನ್ನಾಗಿರುವ ದಿನ, ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಿ.

ಎದ್ದು ನಿಂತರೆ ತಲೆ ತಿರುಗುತ್ತದೆಯೇ? 10 ನಿಮಿಷ ಮಲಗಿಸಿ ನಾಡಿ, ಬಿಪಿ ಬರೆದುಕೊಳ್ಳಿ. ನಂತರ ಬೆನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, 10 ನಿಮಿಷ ಪ್ರತಿ ನಿಮಿಷವೂ ಬರೆಯಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲೆ ಬಂದರೆ ತಕ್ಷಣ ಮಲಗಿಸಿ. ನಾಡಿ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಬಡಿತಕ್ಕೂ ಹೆಚ್ಚು ಏರಿ ಅಲ್ಲೇ ನಿಂತರೆ ಆ ಚೀಟಿ ಡಾಕ್ಟರಿಗೆ ತೋರಿಸಿ. ‘ನಾಟಕ’ ಅನ್ನುವ ಚಿಕ್ಕಪ್ಪನಿಗೂ ತೋರಿಸಬಹುದು.

ಪ್ರಶ್ನೆ: ಸ್ಥಳೀಯ ಪತ್ರಿಕೆಗೆ ಈ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಯಾವ ಫೋಟೋ ಬಳಸಲಿ?

ಉತ್ತರ: ಆಫೀಸಿನ ಮೇಜಿನ ಮೇಲೆ ತಲೆಯಿಟ್ಟು ಆಕಳಿಸುವ ಹುಡುಗಿ ಬೇಡ. ಅದು ನಿದ್ದೆಗೆಟ್ಟವರ ಚಿತ್ರ. ಎಳೆದ ಪರದೆ, ಬಚ್ಚಲಲ್ಲಿ ಕೂತು ಸ್ನಾನ ಮಾಡಲು ಇಟ್ಟ ಸ್ಟೂಲು, ಹಾಸಿಗೆ ಪಕ್ಕದ ಇಯರ್‌ಪ್ಲಗ್ ಸಾಕು. ಕನಿಷ್ಠ ಕಾಲು ಭಾಗ ರೋಗಿಗಳು ಒಂದಲ್ಲ ಒಂದು ಕಾಲದಲ್ಲಿ ಮನೆ ಅಥವಾ ಹಾಸಿಗೆ ಬಿಟ್ಟು ಏಳಲಾರದವರು. ಕ್ಯಾಮೆರಾ ಮುಂದೆ ಬರುವವರು ಉಳಿದವರೇ. ರೋಗಿಗೆ ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಕಳಿಸಿ, 15 ನಿಮಿಷಕ್ಕೆ ನಿಲ್ಲಿಸಿ. ಎರಡು ದಿನ ಬಿಟ್ಟು ಮನೆಯವರಿಗೊಂದು ಫೋನ್ ಮಾಡಿ, ಅವರು ಈಗ ಹೇಗಿದ್ದಾರೆ ಎಂದು ಕೇಳಿ. ಆ ಉತ್ತರವನ್ನು ಲೇಖನದ ಮೊದಲ ಪ್ಯಾರಾದಲ್ಲೇ ಹಾಕಿ.