ವೋಲ್ಟೇಜ್, ಕರೆಂಟ್ ಗೊತ್ತಿದ್ದರೆ ರೆಸಿಸ್ಟೆನ್ಸ್ ಮತ್ತು ಪವರ್ ಲೆಕ್ಕ ಹಾಕುವುದು ಹೇಗೆ?

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಸಿಗುತ್ತದೆ, ಅದು ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಪವರ್, ಅದು ವ್ಯಾಟ್‌ನಲ್ಲಿ.

ಬೆಂಗಳೂರಿನ ಮನೆಯೊಂದರ ಬಚ್ಚಲಿನ ಗೀಸರ್ ನೋಡಿ. ಮನೆಗೆ ಬರುವುದು 230 ವೋಲ್ಟ್. ಗೀಸರ್ 8.7 ಆಂಪಿಯರ್ ಎಳೆಯುತ್ತಿದೆ ಅಂದುಕೊಳ್ಳಿ. 230 ÷ 8.7 = ಸುಮಾರು 26.4 ಓಮ್. 230 × 8.7 = ಸುಮಾರು 2000 ವ್ಯಾಟ್. ಗೀಸರ್ ಮೇಲಿನ ಚೀಟಿಯಲ್ಲಿ ಬರೆದಿರುವುದೂ ಇದೇ.

ಗುಣಿಸಿದರೆ ಪವರ್ ಯಾಕೆ ಬರುತ್ತದೆ? ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಕೂಲಂಬ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಒಂದು ಕೂಲಂಬ್ ಎಷ್ಟು ಶಕ್ತಿ ಕೊಡುತ್ತದೆ ಅನ್ನುವುದೇ ವೋಲ್ಟೇಜ್. ಸೆಕೆಂಡಿಗೆ ಎಷ್ಟು ಕೂಲಂಬ್ ಹರಿಯುತ್ತದೆ ಅನ್ನುವುದೇ ಕರೆಂಟ್. ಗುಣಿಸಿದಾಗ ಸೆಕೆಂಡಿಗೆ ಸಿಗುವ ಶಕ್ತಿ ಬಂತು, ಅದೇ ವ್ಯಾಟ್.

ನನಗೆ ತುಂಬಾ ಇಷ್ಟವಾದ ವಿಷಯ ಮುಂದಿನದು. ಬೆಳಿಗ್ಗೆ ಬೀದಿಯವರೆಲ್ಲ ಒಟ್ಟಿಗೆ ಗೀಸರ್ ಹಾಕಿದಾಗ ವೋಲ್ಟೇಜ್ 190ಕ್ಕೆ ಇಳಿಯಿತು ಅನ್ನಿ. ಕಾಯಿಲ್‌ನ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ 26.4 ಓಮ್ ಆಗಿಯೇ ಇರುತ್ತದೆ. ಹಾಗಾಗಿ ಕರೆಂಟ್ ಕೂಡ 7.2 ಆಂಪಿಯರ್‌ಗೆ ಇಳಿಯುತ್ತದೆ. ಈಗ ಗುಣಿಸಿ: 190 × 7.2, ಅಂದರೆ ಸುಮಾರು 1370 ವ್ಯಾಟ್ ಅಷ್ಟೇ. ವೋಲ್ಟೇಜ್ ಇಳಿದದ್ದು ಆರನೇ ಒಂದು ಭಾಗ, ಪವರ್ ಇಳಿದದ್ದು ಹತ್ತಿರ ಹತ್ತಿರ ಮೂರನೇ ಒಂದು ಭಾಗ! ನೀರು ಕಾಯೋಕೆ ಜಾಸ್ತಿ ಹೊತ್ತು ಬೇಕಾಗುವುದು ಇದಕ್ಕೇ.

ಗೀಸರ್, ಇಸ್ತ್ರಿ ಪೆಟ್ಟಿಗೆಯಂಥ ಕಾಯಿಸುವ ವಸ್ತುಗಳಿಗೆ ಈ ಲೆಕ್ಕ ಸರಿ. ಫ್ರಿಜ್, ಮಿಕ್ಸಿ, ಪಂಪಿನಂಥ ಮೋಟಾರುಗಳಿಗೆ ಸುಮ್ನೆ ಹೀಗೆ ಗುಣಿಸಬೇಡಿ, ಅಲ್ಲಿ ನಿಜವಾದ ಪವರ್ ಇದಕ್ಕಿಂತ ಕಡಿಮೆ ಇರುತ್ತದೆ.