ನಾಲ್ಕು ತಿಂಗಳಿಂದ ಲ್ಯಾಕರ್ (ಉಗುರಿನ ಮೇಲೆ ಬಳಿಯುವ ಔಷಧಿ) ಹಚ್ಚುತ್ತಿದ್ದರೂ ಕಾಲಿನ ಹೆಬ್ಬೆರಳ ಉಗುರಿನ ಫಂಗಸ್ ಹೋಗುತ್ತಿಲ್ಲ, ನಿಲ್ಲಿಸಿಬಿಡಲೇ?

ನಾಲ್ಕು ತಿಂಗಳಿಗೇ ಕೈಬಿಡಬೇಡಿ. ಕಾಲಿನ ಹೆಬ್ಬೆರಳ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಹಿಡಿಯುತ್ತದೆ. ಹಳದಿಗಟ್ಟಿ ಹಾಳಾದ ಭಾಗ ಯಾವ ಔಷಧಿಗೂ ಮೊದಲಿನಂತಾಗುವುದಿಲ್ಲ. ಅದು ಬೆಳೆದು ಮುಂದೆ ಬಂದು, ನಾವು ಕತ್ತರಿಸಿದಾಗಲೇ ಹೋಗುವುದು. ಹಾಗಾಗಿ ತುದಿ ನೋಡಬೇಡಿ, ಬುಡ ನೋಡಿ. ನನ್ನ ಹೆಬ್ಬೆರಳಲ್ಲಿ ಮೊದಲು ಕಂಡದ್ದು ಚರ್ಮದ ಅಂಚಿಗೆ ತಾಗಿಕೊಂಡ ತೆಳುವಾದ ಗುಲಾಬಿ ಪಟ್ಟಿ, ಅಷ್ಟೇ. ಅದರಾಚೆ ಉಗುರು ಇನ್ನೂ ಪುಡಿಪುಡಿಯಾಗಿ ಉದುರುತ್ತಿತ್ತು. ಆ ಪಟ್ಟಿ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿದ್ದರೆ ಔಷಧಿ ಹಿಡಿಯುತ್ತಿದೆ ಎಂದೇ ಅರ್ಥ.

ಹೇಗೆ ಹಚ್ಚುತ್ತಿದ್ದೀರಿ ಎಂದು ನೀವು ಬರೆದಿಲ್ಲ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಫಂಗಸ್ ಇರುವುದು ಉಗುರಿನ ಒಳಗೆ ಮತ್ತು ಅಡಿಯಲ್ಲಿ. ದಪ್ಪಗಾದ ಉಗುರಿನ ಮೇಲೆ ಹಾಗೆಯೇ ಬಳಿದರೆ ಔಷಧಿ ಅಲ್ಲಿಗೆ ಇಳಿಯುವುದು ಕಷ್ಟ. ನಿಮ್ಮ ಲ್ಯಾಕರ್ ಅಮೊರಾಲ್ಫಿನ್ 5% ಆದರೆ ವಾರಕ್ಕೆ ಒಂದೆರಡು ಸಲ ಸಾಕು. ಆದರೆ ಪ್ರತಿ ಸಲವೂ ಹಳೆಯ ಪದರವನ್ನು ಸ್ಪಿರಿಟ್‌ನಿಂದ ಒರೆಸಿ, ಉಗುರನ್ನು ಫೈಲ್‌ನಿಂದ ಉಜ್ಜಿ ತೆಳುವಾಗಿಸಿ, ಒಣಗಿದ ಮೇಲೆ ಹಚ್ಚಬೇಕು. ಸೈಕ್ಲೊಪಿರಾಕ್ಸ್ 8% ಲ್ಯಾಕರ್ ಆದರೆ ದಿನವೂ ಹಚ್ಚುವಂಥದ್ದು, ವಾರಕ್ಕೊಮ್ಮೆ ಪೂರ್ತಿ ಒರೆಸಿ ತೆಗೆಯಬೇಕು. ಆ ಫೈಲನ್ನು ಚೆನ್ನಾಗಿರುವ ಉಗುರಿಗೆ ಮುಟ್ಟಿಸಲೇಬೇಡಿ! ಉಗುರು ತೀರಾ ದಪ್ಪವಿದ್ದರೆ 40% ಯೂರಿಯಾ ಕ್ರೀಮಿನಿಂದ ಮೆತ್ತಗೆ ಮಾಡಿಸಬಹುದು, ವೈದ್ಯರನ್ನು ಕೇಳಿ.

ಇನ್ನೊಂದು ಮಾತು: ಅದು ಫಂಗಸ್ಸೇ ಎಂದು ಪರೀಕ್ಷೆಯಾಗಿದೆಯೇ? ಸೋರಿಯಾಸಿಸ್ ಎಂಬ ಚರ್ಮರೋಗದಲ್ಲೂ, ಬಿಗಿ ಶೂನಿಂದ ಮತ್ತೆ ಮತ್ತೆ ಪೆಟ್ಟಾದಾಗಲೂ ಉಗುರು ಹೀಗೇ ಕಾಣುತ್ತದೆ. ಚರ್ಮರೋಗ ತಜ್ಞರು ಉಗುರಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸುತ್ತಾರೆ. ಫಂಗಸ್ ಅಲ್ಲದಿದ್ದರೆ ಲ್ಯಾಕರ್ ವರ್ಷಗಟ್ಟಲೆ ಹಚ್ಚಿದರೂ ದಂಡ.

ಸೋಂಕು ಬುಡದವರೆಗೆ ಹೋಗಿದ್ದರೆ, ಅರ್ಧಕ್ಕಿಂತ ಹೆಚ್ಚು ಉಗುರು ಕೆಟ್ಟಿದ್ದರೆ ಅಥವಾ ಹಲವು ಬೆರಳುಗಳಿಗೆ ಹರಡಿದ್ದರೆ ಬರೀ ಲೇಪನದಿಂದ ಗುಣವಾಗುವುದು ಅಪರೂಪ. ಆಗ ಸಾಮಾನ್ಯವಾಗಿ ಟರ್ಬಿನಾಫಿನ್ ಮಾತ್ರೆ ಕೊಡುತ್ತಾರೆ, ಕಾಲುಗುರಿಗೆ ಸುಮಾರು 12 ವಾರ. ಅದನ್ನು ನೀವೇ ತಂದು ನುಂಗಬೇಡಿ. ಮೊದಲು ಲಿವರ್ ಪರೀಕ್ಷೆ ಆಗಬೇಕು.

ಬೆರಳ ಸಂದಿಯಲ್ಲಿ ತುರಿಕೆ, ಸಿಪ್ಪೆ ಏಳುವುದು ಇದ್ದರೆ ಅದಕ್ಕೂ ಜೊತೆಯಲ್ಲೇ ಫಂಗಸ್ ನಿವಾರಕ ಕ್ರೀಮ್ ಹಚ್ಚಿ. ಇಲ್ಲದಿದ್ದರೆ ಅಲ್ಲಿಂದ ಉಗುರಿಗೆ ಮತ್ತೆ ತಗಲುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ದಯವಿಟ್ಟು ಮನೆಯಲ್ಲಿ ಉಗುರು ಉಜ್ಜಲು ಹೋಗಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ.