ಸರ್ಕಾರಿ ಜಾಗ ಎಂದರೆ ವಾರಸುದಾರರಿಲ್ಲದ ಜಾಗವೇ?

ಮಾನ್ಯರೇ,

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿಗೆ ಜೀಪು ಇಳಿಸುವವರನ್ನು ಟೀಕಿಸಿ ಕಳೆದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿಗೆ ತಾವು ರಾಜಾಜಿನಗರದಿಂದ ಕಳುಹಿಸಿದ ಆಕ್ಷೇಪ ತಲುಪಿದೆ. ಲಕ್ಷಗಟ್ಟಲೆ ತೆರಿಗೆ ತೆತ್ತು ಕೊಂಡ ಗಾಡಿಯನ್ನು ಭಾನುವಾರ ಎರಡು ಗಂಟೆ ಸರ್ಕಾರಿ ಜಾಗದಲ್ಲಿ ಓಡಿಸಿದರೆ ಯಾರ ಗಂಟು ಹೋಗುತ್ತದೆ, ಅಮೆರಿಕದಲ್ಲಿ ಸಾರ್ವಜನಿಕ ಭೂಮಿಯೆಲ್ಲ ಜೀಪಿನವರಿಗೆ ತೆರೆದೇ ಇದೆಯಲ್ಲ ಎಂದು ತಾವು ಕೇಳಿದ್ದೀರಿ. ಧಾಟಿ ಕೊಂಚ ಖಾರವಾಗಿದ್ದರೂ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ಅಮೆರಿಕದ ಮಾತನ್ನೇ ಮೊದಲು ನೋಡೋಣ. ಇಂಥ ವಾಹನಗಳು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂಬುದನ್ನು ಗುರುತಿಸುವಂತೆ ಅಲ್ಲಿನ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದರು. ಹಾನಿ ಕಂಡುಬಂದ ಜಾಗವನ್ನು ಕೂಡಲೇ ಮುಚ್ಚಬೇಕೆಂದು 1977ರಲ್ಲಿ ಕಾರ್ಟರ್ ಅದನ್ನು ಬಿಗಿಗೊಳಿಸಿದರು. ಅಲ್ಲಿನ ಅರಣ್ಯ ಇಲಾಖೆಯ 2005ರ ನಿಯಮದಂತೆ ರಾಷ್ಟ್ರೀಯ ಅರಣ್ಯಗಳಲ್ಲಿ ನಕಾಶೆಯಲ್ಲಿ ತೋರಿಸಿದ ದಾರಿ ಮಾತ್ರ ತೆರೆದ ದಾರಿ. ತಾವು ಕೊಟ್ಟ ಉದಾಹರಣೆ ನಮ್ಮ ವಾದಕ್ಕೇ ಒದಗಿಬಂತು.

ನಮ್ಮಲ್ಲಿ ಸರ್ಕಾರಿ ಜಾಗ ಎಂಬ ಒಂದೇ ಮಾತಿನೊಳಗೆ ಗೋಮಾಳ, ಕೆರೆಯಂಗಳ, ಮೀಸಲು ಅರಣ್ಯ ಎಲ್ಲವೂ ಅಡಗಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಹಕ್ಕುದಾರರು. ಹೆಸರಘಟ್ಟದ 5,600ಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟದ್ದು ಸುಮ್ಮನೆ ಅಲ್ಲ. ಕಳೆದ ಜೂನ್‌ನಲ್ಲಿ ಮಳೆ ಬಿದ್ದ ಮರುದಿನ ನಾನು ಅಲ್ಲಿಗೆ ಹೋಗಿದ್ದೆ. ಗೇಣುದ್ದ ಆಳಕ್ಕೆ ಕೊರೆದ ಎರಡು ಚಕ್ರದ ಜಾಡುಗಳಲ್ಲಿ ಕೆಮ್ಮಣ್ಣಿನ ನೀರು ಕಾಲುವೆಯಂತೆ ಹರಿಯುತ್ತಿತ್ತು. ಹಾಗೆ ಹರಿದ ನೀರೇ ಮುಂದೆ ಕೊರಕಲಾಗುತ್ತದೆ, ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾದ ಆ ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಹುಟ್ಟುವುದಿಲ್ಲ. ಜಾಡಿನಿಂದ ಎರಡು ಮಾರು ಆಚೆ ಒಂದು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿತ್ತು. ಬಹಳ ಹುಡುಕಿದ ಮೇಲೆ ಕಣ್ಣಿಗೆ ಬಿದ್ದದ್ದು ಬರಿನೆಲದಲ್ಲಿ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಬಗ್ಗಿ ನೋಡುತ್ತಿದ್ದ ನನಗೇ ಸುಲಭಕ್ಕೆ ಕಾಣದ್ದು ಸ್ಟಿಯರಿಂಗ್ ಹಿಡಿದವರಿಗೆ ಕಂಡೀತೇ?

ಇಷ್ಟಾದರೂ ತಮ್ಮ ಹವ್ಯಾಸದ ಬಗ್ಗೆ ನಮಗೆ ತಿರಸ್ಕಾರವಿಲ್ಲ. 2018ರ ಕೇರಳ ಪ್ರವಾಹದಲ್ಲಿ ಜೀಪು ಬಳಗಗಳು ಮಾಡಿದ ಕೆಲಸವನ್ನು ಮರೆತಿಲ್ಲ. ಕೊಡಗು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಆಫ್‌ರೋಡ್ ಸ್ಪರ್ಧೆ ನಡೆಸುವವರೂ ಇದ್ದಾರೆ. ಬೆಂಗಳೂರಿನವರಿಗೆ ಕಾನೂನುಬದ್ಧ ಜಾಗ ಹತ್ತಿರದಲ್ಲಿಲ್ಲ ಎಂಬ ತಮ್ಮ ಕೊರಗು ನಿಜವೇ. ಆದರೆ ಕೇಳಬೇಕಾದದ್ದು ಹುಲ್ಲುಗಾವಲನ್ನಲ್ಲ. ನಗರದ ಸುತ್ತ ಕೆಲಸ ನಿಂತ ಕಲ್ಲುಕ್ವಾರಿಗಳಿವೆ. ನೀರು ತುಂಬಿದ ಹೊಂಡಗಳಿಗೆ ಬೇಲಿ ಹಾಕಿಸಿ, ಗುರುತಿಸಿದ ಹಾದಿ, ಶುಲ್ಕ, ಹೊಣೆಗಾರಿಕೆಗಳ ಸಮೇತ ಅವುಗಳಲ್ಲೊಂದನ್ನು ಕೊಡಿ ಎಂದು ಜಿಲ್ಲಾಧಿಕಾರಿಗಳನ್ನೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನೂ ಕೇಳಲು ಅಡ್ಡಿಯೇನು? ಅಂಥ ಮನವಿಯನ್ನು ತಮ್ಮ ಬಳಗ ಸಿದ್ಧಪಡಿಸಿ ನಮಗೊಂದು ಪ್ರತಿ ಕಳುಹಿಸಿದರೆ, ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂಪಾದಕ